ಗೋಡೆ ಕಡೆಯ ಕಾಲು

ಮಷಿನ್ನುಗಳ ತಿರುಗುವ ಶಾಫ್ಟು ಅಳೆದು ಗೆರೆಗೆ ತರುವ ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ನನ್ನನ್ನು ಹುಡುಕಿಕೊಂಡು ಬಂದರೆ ಕೇಳುವ ಮೊದಲ ಪ್ರಶ್ನೆ, ಅಳೆಯಲು ಯಾವ ಕಂಪನಿಯ ಗೇಜು ಕೊಳ್ಳಬೇಕು ಅಂತ. ಗೇಜು ಆಮೇಲೆ ಕೊಳ್ಳಿ ಅನ್ನುತ್ತೇನೆ ನಾನು. ಮೊದಲು ಮನೆಯಲ್ಲಿ ಒಂದು ಹಳೆಯ ಬಿಳಿ ಧೋತರ ಇದ್ದರೆ ಹರಿದು ಚೀಲದಲ್ಲಿ ಇಟ್ಟುಕೊಳ್ಳಿ. ಬಣ್ಣದ ಅರಿವೆ ಬೇಡ, ಅದರಲ್ಲಿ ಒರೆಸಿದರೆ ಏನು ಬಂತು ಅನ್ನುವುದು ಕಾಣುವುದಿಲ್ಲ. ಹುಡುಗರು ನಗುತ್ತಾರೆ. ನಗಲಿ. ನಾನು ಹೇಳುವುದು ರಾಯಚೂರಿನಲ್ಲಿ ನಡೆದ ಒಂದು ಕೆಲಸದ ಆಧಾರದ ಮೇಲೆ. ಅಲ್ಲಿ ಹನುಮಂತ ಎಂಬ ಟರ್ಬೈನ್ ಆಪರೇಟರನ ನೌಕರಿ ಹೋಗುವುದರಲ್ಲಿತ್ತು, ಅವನನ್ನು ಹೊರಗೆ ಹಾಕುವ ಮಾತು ಬೇರೆ ಯಾರ ಬಾಯಿಂದಲೂ ಅಲ್ಲ, ನನ್ನ ಬಾಯಿಂದಲೇ ಬರಬೇಕಾಗಿತ್ತು.

ಅದನ್ನು ಹೇಳುವ ಮುಂಚೆ ದೇವದುರ್ಗದಿಂದ ಶುರು ಮಾಡುವುದು ಒಳ್ಳೆಯದು. ನಾನೂ ಹನುಮಂತನೂ ಜೊತೆಗೆ ಎಣ್ಣೆ ಮೆತ್ತಿಕೊಂಡದ್ದು ಅಲ್ಲಿಯೇ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ದೇವದುರ್ಗದ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಖಾಜಾ ಉಸ್ತಾದರು ಫಿಟ್ಟರ್ ಆಗಿದ್ದರು. ನಾನು ಸಿರವಾರದವನು, ಅವರ ಕೈಕೆಳಗೆ ಸೇರಿದ್ದೆ. ಹನುಮಂತ ಹತ್ತಿರದ ಹಳ್ಳಿಯಿಂದ ಬಂದವನು, ಕುರಿ ಕಾಯುವ ಮನೆತನ. ಮಷಿನ್ನಿನ ಸದ್ದನ್ನು ಅವನು ಕುರಿ ಹಿಂಡಿನ ಸದ್ದು ಕೇಳಿದ ಹಾಗೆ ಕೇಳುತ್ತಿದ್ದ. ನಾವೆಲ್ಲ ಊಟಕ್ಕೆ ಕುಳಿತಾಗ ಅವನೊಬ್ಬ ತುತ್ತು ಕೈಯಲ್ಲೇ ಹಿಡಿದು, “ಆ ಕಡೀದೊಂದು ಕೆಮ್ಮಾಕತ್ಯಾದ ನೋಡ್ರಿ” ಅನ್ನುತ್ತಿದ್ದ. ಹೋಗಿ ನೋಡಿದರೆ ಬೇರಿಂಗಿನಲ್ಲಿ ಎಣ್ಣೆ ಬತ್ತಿರುತ್ತಿತ್ತು.

ಉಸ್ತಾದರು ನಮಗೆ ಮೊದಲು ಕಲಿಸಿದ್ದು ಬೆರಳಿನ ಪಾಠ. ತಲೆಯಿಂದ ಒಂದು ಕೂದಲು ಕಿತ್ತು ಹಾಳೆಯ ಕೆಳಗೆ ಇಟ್ಟು, “ಕಣ್ಣು ಮುಚ್ಚು, ಬೆರಳಾಡಿಸು, ಎಲ್ಲಿ ಅದ ಹೇಳು” ಅನ್ನುವರು. ಅದು ತಿಳಿದ ಮೇಲೆ ಕೂದಲಿನ ಮೇಲೆ ಇನ್ನೊಂದು ಹಾಳೆ, ಮತ್ತೊಂದು ಹಾಳೆ. ನಾನು ಒಮ್ಮೆ ಬೇಸತ್ತು, “ಉಸ್ತಾದ್, ಇದರಾಗ ಮಷಿನ್ ಎಲ್ಲಿ ಅದರೀ?” ಅಂದೆ.

“ಲೇ ಅಮರಪ್ಪ, ನಿನ್ನ ಬೆರಳಿಗ ಕೂದಲ ಸಿಗಲಿಲ್ಲಂದ್ರ ಮಷಿನ್ ನಿನಗ ಯಾವತ್ತೂ ಸಿಗಂಗಿಲ್ಲ ಬೇ. ಅದರ ತಕರಾರು ಎಲ್ಲಾ ಕೂದಲಿನಷ್ಟs ಇರತಾವ.”

ಗೇಜು ಕೊಳ್ಳುವ ಶಕ್ತಿ ಇಲ್ಲದ ಕಾಲ. ಸಿಗರೇಟು ಪೊಟ್ಟಣದ ತೆಳ್ಳನೆಯ ಕಾಗದವನ್ನು ಎರಡು ಕಬ್ಬಿಣದ ನಡುವೆ ಇಟ್ಟು ಎಳೆಯುವುದು. ಸಲೀಸಾಗಿ ಬಂದರೆ ಸಂದು ಹೆಚ್ಚಾಗಿದೆ, ಹರಿದರೆ ಕಡಿಮೆಯಾಗಿದೆ, ಹಿಡಿಹಿಡಿದು ಬಂದರೆ ಬರೋಬ್ಬರಿ. ಈಗಿನವರು ನಗಬಹುದು. ಆ ಕಾಗದದ ಹಿಡಿತ ಕಲಿತವನಿಗೆ ಮುಂದೆ ಯಾವ ಗೇಜೂ ಸುಳ್ಳು ಹೇಳಲಿಲ್ಲ.

ದೇವದುರ್ಗದಿಂದ ನಾನು ಮಾನ್ವಿಗೆ ಹೋದೆ. ಕಾಲುವೆ ನೀರು ಬಂದು ಭತ್ತ ಹೆಚ್ಚಾಗಿತ್ತು, ರೈಸ್ ಮಿಲ್ಲುಗಳೂ ಹೆಚ್ಚಾಗಿದ್ದವು. ಸಂಬಳದ ಕೆಲಸ ಬಿಟ್ಟು ಸ್ವಂತಕ್ಕೆ ಕೆಲಸ ಹಿಡಿಯಲು ಶುರು ಮಾಡಿದ್ದು ಅಲ್ಲಿ. ಸ್ವಂತಕ್ಕೆ ಕೆಲಸ ಹಿಡಿಯುವವರಿಗೆ ಒಂದು ಮಾತು: ದರದ ಮಾತು ಆಡುವುದಕ್ಕಿಂತ ಮೊದಲು ಷರತ್ತಿನ ಮಾತು ಆಡಿ. ಮಷಿನ್ ಎಷ್ಟು ಹೊತ್ತು ನಿಲ್ಲಿಸಿ ಕೊಡುತ್ತೀರಿ, ಕೈಗೆ ಯಾರನ್ನು ಕೊಡುತ್ತೀರಿ, ಬಾಗಿಲು ಮುಚ್ಚುವ ಅಧಿಕಾರ ಯಾರದು. ದರದಲ್ಲಿ ಸೋತರೆ ಒಂದು ಸಲ ಸೋಲುತ್ತೀರಿ. ಷರತ್ತಿನಲ್ಲಿ ಸೋತರೆ ಕೆಲಸ ಕೆಡುತ್ತದೆ, ಹೆಸರು ಕೆಡುತ್ತದೆ, ಆಮೇಲೆ ದರ ಮಾತಾಡಲು ಯಾರೂ ಕರೆಯುವುದಿಲ್ಲ.

ಬಾಗಿಲಿನ ಮಾತು ಯಾಕೆ ಬಂತು ಅಂದರೆ, ಮಾನ್ವಿಯ ಒಂದು ಮಿಲ್ಲಿನಲ್ಲಿ ಹೊಟ್ಟು ಉರಿಸಿ ಓಡಿಸುವ ಉಗಿ ಎಂಜಿನ್ನನ್ನು ನಾನು ಮಧ್ಯಾಹ್ನ ಗೆರೆಗೆ ತಂದು ಕೂಡಿಸಿದ್ದೆ. ಪಡುವಣ ಬಾಗಿಲು ತೆರೆದಿತ್ತು. ಮಾನ್ವಿ ಬಿಸಿಲು ಶಾಫ್ಟಿನ ಒಂದು ತುದಿಗೆ ಬಿದ್ದು ಕಬ್ಬಿಣ ಹಿಗ್ಗಿತ್ತು, ಇನ್ನೊಂದು ತುದಿ ನೆರಳಿನಲ್ಲಿತ್ತು. ಮರುದಿನ ಮುಂಜಾನೆ ತಂಪಿನಲ್ಲಿ ನೋಡಿದರೆ ಅಳತೆ ಬೇರೆಯೇ. ಮಿಲ್ಲಿನ ಮುನೀಮರು ಎಲೆ ಅಡಿಕೆ ಜಗಿಯುತ್ತ ಬಂದು, “ಏನಪಾ, ನಿನ್ನಿ ನೆಟ್ಟಗ ಕುಂತಿದ್ದ ಅಳತಿ ರಾತ್ರಿ ಹೊಳ್ಳಿ ಮಲಗೇತೇನು?” ಅಂದರು. ಇಡೀ ಮಿಲ್ಲು ನಕ್ಕಿತು. ಅಂದಿನಿಂದ ಅಳತೆ ತೆಗೆಯುವ ಕಡೆಯಲ್ಲೆಲ್ಲ ಬಾಗಿಲಿಗೆ ಗೋಣಿತಟ್ಟು ಕಟ್ಟಿಸುವುದು ನನ್ನ ಷರತ್ತಾಯಿತು. ರಾಯಚೂರಿನ ಸುತ್ತ ನನ್ನನ್ನು ‘ತಟ್ಟಿನ ಅಮರಪ್ಪ’ ಅಂತ ಕರೆಯುವುದು ಇದರಿಂದಲೇ.

ಎಂಬತ್ತರ ದಶಕ ಬರುವ ಹೊತ್ತಿಗೆ ರಾಯಚೂರಿನಲ್ಲಿ ಶರಣಪ್ಪ ಸಾಹುಕಾರರು ತಮ್ಮ ಎಣ್ಣೆ ಕಾರ್ಖಾನೆಗೆ ಒಂದು ಸಣ್ಣ ಟರ್ಬೈನ್ ತರಿಸಿದರು. ಕರೆಂಟು ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಹೇಳಲಾಗದ ದಿನಗಳು. ಹೊಟ್ಟು ಉರಿಸಿ ಉಗಿ ಮಾಡುವುದು, ಉಗಿಯಿಂದ ಟರ್ಬೈನ್ ತಿರುಗಿಸಿ ಸ್ವಂತ ಕರೆಂಟು ಮಾಡಿಕೊಳ್ಳುವುದು. ತಿಳಿಯದವರಿಗೆ ಹೇಳುತ್ತೇನೆ: ಉಗಿ ಬಡಿದು ತಿರುಗುವ ಚಕ್ರ ಟರ್ಬೈನ್. ಅದರ ವೇಗ ವಿಪರೀತ, ಅದನ್ನು ಇಳಿಸಲು ನಡುವೆ ಗೇರ್ ಪೆಟ್ಟಿಗೆ. ಅದರಾಚೆ ಕರೆಂಟು ಹುಟ್ಟಿಸುವ ಜನರೇಟರ್. ಮೂರರ ಶಾಫ್ಟುಗಳೂ ತುದಿಗೆ ತುದಿ ಕೂಡಿ ಒಂದೇ ಗೆರೆಯಲ್ಲಿ ಇರಬೇಕು. ಒಂದು ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಎತ್ತರ ಇನ್ನೊಂದು ಗಿಡ್ಡ ಆದರೆ ಕುತ್ತಿಗೆ ಹುಣ್ಣಾಗುತ್ತದೆಯಲ್ಲ, ಹಾಗೆಯೇ ಇಲ್ಲಿ ಶಾಫ್ಟು ಕೂದಲಿನಷ್ಟು ಮೇಲೆ ಕೆಳಗೆ ಆದರೂ ಬೇರಿಂಗು ಹುಣ್ಣಾಗುತ್ತದೆ. ಮಷಿನ್ ಮೊದಲು ನಡುಗುತ್ತದೆ, ಆಮೇಲೆ ಕಾಯುತ್ತದೆ, ಕೊನೆಗೆ ಮುರಿಯುತ್ತದೆ. ಅದನ್ನು ಸರಿಪಡಿಸಲು ಜನರೇಟರಿನ ಕಾಲುಗಳ ಕೆಳಗೆ ತೆಳ್ಳನೆಯ ತಗಡಿನ ತುಂಡುಗಳನ್ನು ಕೊಟ್ಟು ಏರಿಸುತ್ತೇವೆ, ತೆಗೆದು ಇಳಿಸುತ್ತೇವೆ.

ಆ ಟರ್ಬೈನನ್ನು ಕೂಡಿಸಲು ಹೈದರಾಬಾದಿನಿಂದ ಬಂದಿದ್ದವರು ಶೇಷಗಿರಿ ಎಂಬ ಎಂಜಿನಿಯರ್ ಸಾಹೇಬರು. ನಾನು ಕೈಯಾಳಾಗಿ ಹೋಗಿದ್ದೆ. ಮುಳ್ಳಿನ ಗೇಜನ್ನು ನಾನು ಮೊದಲು ಕಂಡದ್ದು ಅವರ ಪೆಟ್ಟಿಗೆಯಲ್ಲಿ. ಗಡಿಯಾರದಂಥ ಮುಖ, ಒಂದು ಮುಳ್ಳು, ಕೂದಲಿಗಿಂತ ತೆಳ್ಳನೆಯದನ್ನೂ ಅದು ತಿರುಗಿ ತೋರಿಸುತ್ತಿತ್ತು. ಸಿಟ್ಟಿನ ಮನುಷ್ಯ, ಆದರೆ ಕಲಿಸುವಾಗ ಏನನ್ನೂ ಬಚ್ಚಿಟ್ಟುಕೊಳ್ಳುತ್ತಿರಲಿಲ್ಲ. ಮುಳ್ಳು ಓದುವಾಗ ನಾನು ಓರೆಯಾಗಿ ನಿಂತರೆ, “ಏಮಯ್ಯಾ, ಗಡಿಯಾರ ನೆಟ್ಟಗದ, ನೀನs ಸೊಟ್ಟಗಿದ್ದಿ” ಅಂತ ಭುಜ ಹಿಡಿದು ತಿರುಗಿಸುವರು. ಹೋಗುವಾಗ ಹಳೆಯದೊಂದು ಗೇಜನ್ನು ನನ್ನ ಕೈಗಿಟ್ಟರು. ಮೇಲಿನವರು ಬೈದರೆಂದು ಮುನಿಸಿಕೊಂಡು ಹೋದ ಎಷ್ಟೋ ಹುಡುಗರನ್ನು ನೋಡಿದ್ದೇನೆ. ಬೈಗುಳದ ಜೊತೆಗೆ ಪಾಠ ಬರುತ್ತಿದ್ದರೆ ನಿಂತುಕೊಳ್ಳಿ. ಬರೀ ಬೈಗುಳ ಬರುತ್ತಿದ್ದರೆ ಬೇರೆ ಕಡೆ ನೋಡಿ.

ಸಾಹುಕಾರರಿಗೆ ಒಬ್ಬ ಆಪರೇಟರ್ ಬೇಕಾಗಿದ್ದ. ನಾನೇ ಹನುಮಂತನ ಹೆಸರು ಹೇಳಿದೆ. ಅವನು ಹೆಂಡತಿ ದ್ಯಾವಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ದೇವದುರ್ಗದಿಂದ ಬಂದ. ಕಾರ್ಖಾನೆಯ ಆವರಣದಲ್ಲಿ ಒಂದು ಮನೆ ಕೊಟ್ಟರು. ಮಕ್ಕಳು ರಾಯಚೂರಿನ ಶಾಲೆಗೆ ಸೇರಿದವು. ಕೆಲವು ವರ್ಷ ಎಲ್ಲ ಸುಸೂತ್ರ ನಡೆಯಿತು.

ಆಮೇಲೆ ಒಂದು ಬೇಸಿಗೆ, ಉಗಿ ಬರುವ ಪೈಪಿನ ಜಾಯಿಂಟಿನಿಂದ ಉಗಿ ಸಿಡಿದು ಹನುಮಂತನ ಬಲಗೈ ಮೊಣಕೈವರೆಗೆ ಸುಟ್ಟಿತು. ಜಾಯಿಂಟಿಗೆ ಹಗ್ಗ ಸುತ್ತಿ ಬಿಗಿದು ಮಷಿನ್ ಮತ್ತೆ ಓಡಿಸಿದರು. ಹನುಮಂತ ಕೈಗೆ ಬಟ್ಟೆ ಸುತ್ತಿಕೊಂಡೇ ಕೆಲಸಕ್ಕೆ ಬಂದ. ಅದಾಗಿ ಸ್ವಲ್ಪ ದಿನಕ್ಕೆ ಜನರೇಟರಿನ ಬೇರಿಂಗು ಬದಲಿಸಲು ಅದನ್ನು ಎತ್ತಿ ಬಿಚ್ಚಿದರು. ತಿರುಗಿ ಕೂಡಿಸಿದಾಗ ಅಳತೆಗೆ ನನ್ನನ್ನು ಕರೆದರು. ನಾನು ಗೆರೆಗೆ ತಂದು, ಗೇಜಿನ ಮುಳ್ಳು ಅಲುಗದಂತೆ ಮಾಡಿ ಬಂದೆ.

ವಾರ ಕಳೆಯುವುದರೊಳಗೆ ಕರೆ ಬಂತು, ಮಷಿನ್ ನಡುಗುತ್ತಿದೆ ಅಂತ. ಹೋಗಿ ಅಳೆದರೆ ಗೆರೆ ತಪ್ಪಿತ್ತು. ಮತ್ತೆ ಸರಿಪಡಿಸಿದೆ. ಮತ್ತೆ ಕೆಲವು ದಿನ ಚೆನ್ನಾಗಿ ಓಡಿ ಮತ್ತೆ ನಡುಗಿತು. ಸಾಹುಕಾರರು ನನ್ನನ್ನು ತಾವು ಕೂಡುವ ಗಾದಿಯ ಹತ್ತಿರ ಕರೆಸಿದರು. ಹಣೆಯ ತುಂಬ ವಿಭೂತಿ, ಮುಂದೆ ಸೇಂಗಾ ಹಿಂಡಿಯ ಮಾದರಿ. ಒಳ್ಳೆಯ ಮನುಷ್ಯರು, ಆದರೆ ಹಂಗಾಮಿನಲ್ಲಿ ಮಷಿನ್ ನಿಂತರೆ ಯಾರೂ ಒಳ್ಳೆಯವರಾಗಿ ಉಳಿಯುವುದಿಲ್ಲ.

“ಅಮರಪ್ಪ, ಸುತ್ತಿ ಬಳಸಿ ಮಾತಾಡಬ್ಯಾಡ. ನಿನ್ನ ಅಳತಿ ತಪ್ಪೇನು?”

“ಅಳತಿ ಬರೋಬ್ಬರಿ ಇತ್ರಿ ಸಾಹುಕಾರ್ರೆ.”

“ಹಂಗಾದ್ರ ಅವನ ಕೈ ತಪ್ಪು. ಉಗಿ ಜಲ್ದಿ ಬಿಡ್ತಾನ, ಮಷಿನ್ ಕಾಯಾಕ ಬಿಡಂಗಿಲ್ಲ. ಕೈ ಸುಟ್ಟಾಗಿಂದ ಅಂವ ಅಂಜಾಕತ್ಯಾನ, ವಾಲ್ವ್ ತಿರುವಿ ದೂರ ಓಡ್ತಾನ. ನಾಳಿ ಬ್ಯಾರೆದವನ್ನ ತರಸ್ತೀನಿ. ಮನಿ ಖಾಲಿ ಮಾಡು ಅಂತ ಹೇಳ್ತೀನಿ.”

ಅವರ ಆರೋಪ ಗಾಳಿಯಲ್ಲಿ ತೂರಿದ್ದಾಗಿರಲಿಲ್ಲ. ಟರ್ಬೈನನ್ನು ನಿಧಾನ ಕಾಯಿಸದೆ ಒಮ್ಮೆಲೆ ಉಗಿ ಬಿಟ್ಟರೆ ಶಾಫ್ಟು ಬಾಗುತ್ತದೆ, ನಡುಗುತ್ತದೆ. ಹನುಮಂತ ಬಾಗಿಲ ಹೊರಗೆ ನಿಂತಿದ್ದ, ಅವನಿಗೆ ಎಲ್ಲ ಕೇಳುತ್ತಿತ್ತು. ನಾನು ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ನನ್ನ ಹೆಸರು ಉಳಿಯುತ್ತಿತ್ತು. ಆದರೆ ಅಳತೆ ತೆಗೆದವನು ನಾನು. ನನಗೆ ಗೊತ್ತಿದ್ದದ್ದು ಗೇಜು ಆ ದಿನ ಏನು ತೋರಿಸಿತು ಅಷ್ಟೇ. ಆಮೇಲೆ ಯಾಕೆ ತಪ್ಪಿತು ಅನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನುವ ಹಾಗೆ ಬಾಯಿ ಮುಚ್ಚಿಕೊಂಡು ಕೂಡುವುದು ವ್ಯಾಪಾರದಲ್ಲಿ ನಡೆಯಬಹುದು, ಅಳತೆಯಲ್ಲಿ ನಡೆಯುವುದಿಲ್ಲ.

“ಇನ್ನೊಂದು ಸಲ ನಿಲ್ಲಿಸಿ ಕೊಡ್ರಿ,” ಅಂದೆ. “ಮಷಿನ್ ನಾ ಅನ್ನೂತನಕ ಚಾಲೂ ಆಗಬಾರದು. ತಟ್ಟು ಕಟ್ಟಿಸ್ರಿ. ಕೈಗೆ ಹನುಮಂತನ್ನs ಕೊಡ್ರಿ, ಬ್ಯಾರೆದವರು ಬ್ಯಾಡ. ಇಷ್ಟಾದ ಮ್ಯಾಗೂ ನಡುಗಿತಂದ್ರ ನನ್ನ ಅಳತಿ ತಪ್ಪು ಅಂತ ನಾನs ಒಪ್ಪಿಕೊಂತೀನಿ. ರಾಯಚೂರಾಗ ಎಲ್ಲಾ ಮಿಲ್ಲಿನವರಿಗೂ ಹೇಳ್ರಿ, ತಟ್ಟಿನ ಅಮರಪ್ಪಗ ಅಳಿಯಾಕ ಬರಂಗಿಲ್ಲ ಅಂತ.”

ಸಾಹುಕಾರರು ಹಿಂಡಿಯ ಮಾದರಿಯನ್ನು ಬದಿಗೆ ಸರಿಸಿದರು. “ಅವನ ಸಲುವಾಗಿ ನಿನ್ನ ಹೊಟ್ಟಿಮ್ಯಾಗ ಕಾಲಿಟ್ಟುಕೊಳ್ಳಾಕತ್ತಿಯಲ್ಲೋ.”

“ಅವನ್ನ ತಂದಾಂವ ನಾನs ಅಲ್ಲೇನ್ರಿ. ಅವನ ಕೈ ಕೆಟ್ಟದ್ದಂದ್ರ ನನ್ನ ಆಯ್ಕಿನೂ ಕೆಟ್ಟದ್ದು.”

ಒಪ್ಪಿದರು. ಚೌಕಾಸಿಯಲ್ಲಿ ನಮ್ಮದೂ ಏನಾದರೂ ತಕ್ಕಡಿಯಲ್ಲಿ ಇಟ್ಟರೆ ಮಾತ್ರ ಎದುರಿನವನು ಬಗ್ಗುತ್ತಾನೆ, ಇದನ್ನು ನೆನಪಿಡಿ.

ಮೊದಲು ಹನುಮಂತನ ಕೈ ನೋಡೋಣ ಅಂತ, ನಿಲ್ಲಿಸುವ ಮುಂಚೆ ಒಮ್ಮೆ ಮಷಿನ್ ಚಾಲೂ ಮಾಡಿಸಿ ಪಕ್ಕದಲ್ಲಿ ನಿಂತೆ. ನೀರು ಇಳಿಸುವ ಕೊಳವೆ ತೆರೆದ, ಉಗಿ ಎಳೆಯಷ್ಟು ಬಿಟ್ಟ, ಕಾದ, ಕೈಯಿಂದ ಮುಟ್ಟಿ ನೋಡಿದ, ಇನ್ನೊಂದು ಎಳೆ ಬಿಟ್ಟ. ಹಸಿಮಗುವಿಗೆ ನೀರು ಹಾಕಿದ ಹಾಗೆ. ಒಂದೇ ಒಂದು ಕಡೆ ಅವನ ಮೈ ಹಿಂದೆ ಸರಿಯಿತು: ಹಗ್ಗ ಸುತ್ತಿದ ಆ ಜಾಯಿಂಟಿನ ಹತ್ತಿರ. ಅಲ್ಲಿಂದ ಇನ್ನೂ ಸುಯ್ಯನೆ ಉಗಿ ಜಿನುಗುತ್ತಿತ್ತು. ಆದರೂ ವಾಲ್ವಿನ ಮೇಲಿನ ಕೈ ಅವಸರ ಮಾಡಲಿಲ್ಲ.

“ಅಂಜಿಕಿ ಅದ ಏನೋ?” ಅಂದೆ.

“ಅದರೀ ಅಣ್ಣಾ. ಅಂಜಿಕಿ ಅದ ಅಂತs ಸಾವಕಾಶ ಮಾಡ್ತೀನಿ.”

ಅಂದರೆ ಕೈ ಸರಿ ಇತ್ತು. ಮಷಿನ್ ನಿಲ್ಲಿಸಿ, ತಣಿಯಲು ಬಿಟ್ಟು, ತಟ್ಟು ಕಟ್ಟಿಸಿ ಮತ್ತೆ ಅಳೆದೆ. ಗೆರೆ ತಪ್ಪಿತ್ತು, ಸರಿಪಡಿಸಿದರೆ ಸರಿಯಾಗುತ್ತಿತ್ತು. ಹಿಂದೆ ಎರಡು ಸಲ ಆದದ್ದೂ ಅದೇ. ಹೀಗೆ ಮಾಡಿ ಚಾಲೂ ಮಾಡಿದರೆ ಮತ್ತೆ ವಾರಕ್ಕೆ ನಡುಗುವುದು ಖಂಡಿತ. ನನ್ನ ಬುದ್ಧಿ ಅಲ್ಲಿಗೆ ಮುಗಿದಿತ್ತು. ಪೋಸ್ಟಾಫೀಸಿಗೆ ಹೋಗಿ ಹೈದರಾಬಾದಿಗೆ ಟ್ರಂಕ್ ಕಾಲ್ ಹಚ್ಚಿ ಕೂತೆ. ಲೈನು ಸಿಕ್ಕಾಗ ಶೇಷಗಿರಿ ಸಾಹೇಬರ ದನಿ ಬಾವಿಯೊಳಗಿಂದ ಬಂದ ಹಾಗೆ ಬಂತು. ನಾನು ನಡೆದದ್ದನ್ನೆಲ್ಲ ಕೂಗಿ ಹೇಳಿದೆ. ಪೋಸ್ಟಾಫೀಸಿನಲ್ಲಿದ್ದವರೆಲ್ಲ ನನ್ನ ಮಷಿನ್ನಿನ ರೋಗ ಕೇಳಿಸಿಕೊಂಡರು.

ಸಾಹೇಬರು ಕೇಳಿದ್ದು ಒಂದೇ. “ಶಾಫ್ಟ್ ನೋಡಿದಿ ಸರಿ. ಕಾಲು ನೋಡಿದ್ಯಾ?”

“ಕಾಲಾಗ ಏನ್ ನೋಡೂದ್ರಿ?”

“ಅಯ್ಯೋ ಏಮಯ್ಯಾ! ನಾಲ್ಕು ಕಾಲಿನ ಮಂಚ, ಒಂದು ಕಾಲು ಗಿಡ್ಡ ಇದ್ರ ಏನಾಗ್ತದ? ಮಲಗಿದವನು ಹೊರಳಿದಾಗೆಲ್ಲ ಅಲ್ಲಾಡ್ತದ. ಬೋಲ್ಟು ಬಿಗಿದರೆ ಕಾಣಲ್ಲ. ಒಂದೊಂದೇ ಬೋಲ್ಟು ಸಡಿಲ ಮಾಡು, ಗೇಜು ಕಾಲಿನ ಮೇಲೆ ನಿಲ್ಲಿಸು, ಮುಳ್ಳು ನೋಡು. ಎದ್ದು ನಿಲ್ಲೋ ಕಾಲೇ ಕಳ್ಳ.”

ಲೈನು ಕಟ್ಟಾಯಿತು. ಸಾಕಾಗಿತ್ತು.

ಬಂದು ಹಾಗೆಯೇ ಮಾಡಿದೆ. ಜನರೇಟರಿನ ಮುಂದಿನ ಎರಡು ಕಾಲುಗಳು ಅಲುಗಲಿಲ್ಲ. ಹಿಂದಿನ ಒಂದು ಕಾಲೂ ಅಲುಗಲಿಲ್ಲ. ಗೋಡೆ ಕಡೆಯ ಕಾಲಿನ ಬೋಲ್ಟನ್ನು ಹನುಮಂತ ಸಡಿಲಿಸುತ್ತಿದ್ದ ಹಾಗೆ ಗೇಜಿನ ಮುಳ್ಳು ಸರಸರ ತಿರುಗಿತು. ಕಾಲು ಉಸಿರು ಬಿಟ್ಟ ಹಾಗೆ ಮೇಲೆದ್ದಿತ್ತು. ಅದರ ಕೆಳಗೆ ಏನೋ ಮೆತ್ತಗಿನದು ಇರಬೇಕು. ಬಿಗಿದಾಗ ಕುಗ್ಗುವುದು, ಸಡಿಲಿಸಿದಾಗ ಉಬ್ಬುವುದು, ಮಷಿನ್ ಓಡಿದಂತೆ ಇನ್ನೂ ಅಮುಕಿ ಕೂಡುವುದು. ಹಾಗಾಗಿ ನಾನು ಅಳೆದ ದಿನ ಒಂದು ಎತ್ತರ, ವಾರದ ಮೇಲೆ ಇನ್ನೊಂದು ಎತ್ತರ.

ಆ ಕಾಲು ಗೋಡೆಗೆ ಹತ್ತಿಕೊಂಡೇ ಇತ್ತು, ಮುಖ ಹಾಕಿ ನೋಡಲು ಬರುತ್ತಿರಲಿಲ್ಲ. ಎಲ್ಲರೂ ಈಚೆ ಬದಿಯಿಂದ ತಗಡಿನ ತುಂಡು ತೂರಿಸುತ್ತಿದ್ದೆವು, ನಾನೂ ಹಾಗೆಯೇ ಮಾಡಿದ್ದೆ. ಈ ಸಲ ಜಾಕಿಯಿಂದ ಎತ್ತಿ, ಬಿಳಿ ಅರಿವೆಯನ್ನು ಕೋಲಿಗೆ ಸುತ್ತಿ ಆಚೆಯ ಮೂಲೆಯವರೆಗೆ ತೂರಿಸಿ ಎಳೆದೆ. ಅರಿವೆಯ ಮೇಲೆ ಕರಿ ಎಣ್ಣೆ ಬಂತು. ಎಣ್ಣೆಯೊಳಗೆ ಹಳದಿ ಬಣ್ಣ ಬಂತು. ಅರಿಷಿಣದ ವಾಸನೆ. ಬೆರಳು ತೂರಿಸಿ ಮೂಲೆಯಲ್ಲಿ ತಡಕಿದರೆ ತಳಕ್ಕೆ ಅಂಟಿಕೊಂಡದ್ದೊಂದು ಸಿಕ್ಕಿತು. ಮಡಚಿದ ತಾಮ್ರದ ತಗಡು, ಎಲೆಯಷ್ಟು ತೆಳ್ಳಗೆ. ಮಡಿಕೆಯೊಳಗೆ ದೇವರ ಭಂಡಾರದ ಅರಿಷಿಣ ಪುಡಿ ತುಂಬಿ, ಸುತ್ತ ಕರಿ ದಾರ ಕಟ್ಟಿತ್ತು. ಎಣ್ಣೆ ಕುಡಿದು ಕುಡಿದು ಒಳಗಿನದು ಹಿಟ್ಟಿನ ಕಣಕದಂತೆ ಆಗಿತ್ತು.

ನಾನು ಹನುಮಂತನ ಕಡೆ ನೋಡಿದೆ. ಅವನು ತನ್ನ ಬಲತೋಳನ್ನು ನೋಡಿಕೊಳ್ಳುತ್ತಿದ್ದ. ಸುಟ್ಟ ಕಲೆಯ ಮೇಲೆ ಅಂಥದೇ ತಾಮ್ರದ ತಾಯಿತ, ಅಂಥದೇ ಕರಿ ದಾರ.

“ಇದು ನನ್ನ ಮನ್ಯಾಕಿ ಕೆಲಸ ಅಣ್ಣಾ,” ಅಂದ. “ಜೋಡಿ ಮಾಡಿಸಿದ್ಲು. ಒಂದು ನನಗ ಕಟ್ಟಿದ್ಲು. ಇನ್ನೊಂದು ಎಲ್ಲಿ ಅಂದ್ರ, ಎಲ್ಲಿರಬೇಕೋ ಅಲ್ಲದ ಅಂದಿದ್ಲು. ಜಂತಿಗೆ ಕಟ್ಟ್ಯಾಳ ಅಂತ ಸುಮ್ನಿದ್ದೆ.” ತೋಳಿನ ತಾಯಿತವನ್ನು ಅಂಗೈಯಿಂದ ಮುಚ್ಚಿಕೊಂಡು, “ಸಾಹುಕಾರ್ರಿಗೆ ಹೇಳ್ತೀರೇನ್ರಿ?” ಅಂದ.

“ಮೊದಲು ಆಕಿನ್ನ ಕರಿ,” ಅಂದೆ.

ದ್ಯಾವಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. ನನ್ನ ಅಂಗೈಯಲ್ಲಿದ್ದುದನ್ನು ನೋಡಿದ ಕೂಡಲೇ ಗಂಡನ ಮೇಲೆ ಹರಿಹಾಯ್ದಳು. “ತೆಗದ್ಯಾ? ಯಾರು ತೆಗಿ ಅಂದ್ರು ನಿನಗ?”

“ನಾ ತೆಗದೀನವ್ವಾ,” ಅಂದೆ. “ಇದನ್ನ ಯಾವಾಗ ಇಟ್ಟಿ?”

“ಆ ದೊಡ್ಡದನ್ನ ಎತ್ತಿ ಬಿಚ್ಚಿದ್ರಲ್ಲ, ಅವತ್ತು ಬುತ್ತಿ ತಂದಿದ್ದೆ. ಎಲ್ಲಾರೂ ಉಣ್ಣಾಕ ಹೋಗಿದ್ರು. ತಾಯಿತ ಮಾಡಿಕೊಟ್ಟ ಅಜ್ಜ ಹೇಳಿದ್ದ, ಎಲ್ಲಿ ಅಪಾಯ ಅದ ಅಲ್ಲಿ ಇಡವ್ವಾ ಅಂತ. ಇಟ್ಟೆ.”

“ಇದರಿಂದs ಮಷಿನ್ ನಡುಗಾಕತ್ಯಾದ. ಮಷಿನ್ ನಡುಗಿದ್ದಕ್ಕ ಇವನ ನೌಕರಿಗೆ ಕುತ್ತು ಬಂದದ.”

ಆಕೆ ನಂಬಲಿಲ್ಲ. ಗಂಡನ ಕಡೆ ನೋಡಿದಳು. ಅವನು ತಲೆ ಆಡಿಸಿದ. ಆಗ ಮಷಿನ್ನಿನ ಕಟ್ಟೆಯ ಮೇಲೆ ಹಾಗೇ ಕುಳಿತುಬಿಟ್ಟಳು. ಕುಳಿತಲ್ಲಿಂದಲೇ ಹೇಳಿದಳು:

“ನಾ ಮಷಿನ್ನಿಗೆ ಇಟ್ಟಿದ್ದಲ್ಲರೀ ಯಣ್ಣಾ. ಮನಷ್ಯಾಗ ಇಟ್ಟಿದ್ದು. ನಿಮ್ಮ ಮಷಿನ್ ನಡುಗಿದ್ರ ಹೈದ್ರಾಬಾದಿಗೆ ಫೋನ್ ಹಚ್ತೀರಿ. ಇಂವ ಬೆಂದು ಬಂದಾಗ ಒಂದು ಹಗ್ಗ ಸುತ್ತಿ ಕೈ ತೊಳಕೊಂಡ್ರಿ.”

ಆಕೆ ಹೇಳಿದ್ದು ನಿಜವೇ. ಆದರೆ ತಗಡನ್ನು ಅಲ್ಲೇ ಬಿಡುವಂತೆಯೂ ಇರಲಿಲ್ಲ. ಎಷ್ಟೋ ಸಾಹುಕಾರರ ಹತ್ತಿರ ಚೌಕಾಸಿ ಮಾಡಿದ್ದೇನೆ, ಅವತ್ತಿನಷ್ಟು ಕಷ್ಟದ ಚೌಕಾಸಿ ಇನ್ನೊಂದಿಲ್ಲ.

“ಯವ್ವಾ, ಒಂದು ಮಾತು. ದೇವರನ್ನ ತಂದು ಕಾಲಾಗ ಇಟ್ಟೀಯಲ್ಲ, ಅದೂ ಎಣ್ಣಿ ರಾಡ್ಯಾಗ?”

ಆಕೆ ಬೆಚ್ಚಿ ನೋಡಿದಳು. ಈ ಲೆಕ್ಕ ಆಕೆಗೆ ಹೊಳೆದಿರಲಿಲ್ಲ.

“ಮ್ಯಾಲೆ ಇಡೋಣ. ಇಂವ ನಿಂದ್ರೋ ಜಾಗದ ಎದುರಿಗೆ, ಗ್ವಾಡಿಗೆ. ಕಣ್ಣಿಗೂ ಕಾಣ್ತದ.”

“ಆ ಪೈಪು?” ಅಂದಳು. ಸುಲಭಕ್ಕೆ ಬಿಡುವ ಹೆಣ್ಣುಮಗಳಲ್ಲ.

“ಪೈಪಿಂದು ನಾ ನೋಡ್ತೀನಿ. ಅದು ಆಗೂತನಕ ಈ ಊರು ಬಿಡಂಗಿಲ್ಲ.”

“ಮಾತು?”

“ಮಾತು.”

ಗೋಡೆ ಕಡೆಯ ಕಾಲಿನ ತಳವನ್ನು ಬಿಳಿ ಅರಿವೆ ಬಿಳಿಯಾಗಿಯೇ ಬರುವ ತನಕ ಒರೆಸಿದೆವು. ಹೊಸ ತಗಡಿನ ತುಂಡನ್ನು ಇಡೀ ಕಾಲಿನ ಅಳತೆಗೆ ಕತ್ತರಿಸಿ ಕೊಟ್ಟೆವು. ಬೋಲ್ಟು ಸಡಿಲಿಸಿದರೂ ಬಿಗಿದರೂ ಮುಳ್ಳು ನಿಂತಲ್ಲೇ ನಿಂತಿತು. ಆಮೇಲೆ ಶಾಫ್ಟು ಗೆರೆಗೆ ತಂದೆ. ಹನುಮಂತ ಉಗಿ ಬಿಟ್ಟ, ಎಳೆ ಎಳೆಯಾಗಿ. ಮಷಿನ್ ಎದ್ದಿತು. ಬೇರಿಂಗಿನ ತಲೆಯ ಮೇಲೆ ಎಂಟಾಣೆ ಬಿಲ್ಲೆಯನ್ನು ನೆಟ್ಟಗೆ ನಿಲ್ಲಿಸಿದೆ. ನಿಂತಿತು. ಬಿಲ್ಲೆ ನಿಲ್ಲಿಸುವುದು ನಮ್ಮವರ ಆಟ, ಮಾಲಕರಿಗೆ ತೋರಿಸಲು ಚೆಂದ.

ಅವತ್ತೇ ಸಾಹುಕಾರರ ಹತ್ತಿರ ಓಡಲಿಲ್ಲ. ಇದನ್ನು ಗಮನಿಸಿ. ಸತ್ಯ ಹೇಳಲೇಬೇಕು, ಆದರೆ ಹೇಳುವ ಹೊತ್ತು ನಮ್ಮ ಕೈಯಲ್ಲಿರುತ್ತದೆ. ಹಿಂದೆಲ್ಲ ನಡುಕ ಶುರುವಾಗುತ್ತಿದ್ದ ಗಡುವು ದಾಟಿತು. ಇನ್ನೂ ಅಷ್ಟು ದಿನ ದಾಟಿತು. ಮಷಿನ್ ನೂಲು ತೆಗೆದ ಹಾಗೆ ಓಡುತ್ತಿತ್ತು. ಸಾಹುಕಾರರು ಎಣ್ಣೆ ಡಬ್ಬಿಗಳನ್ನು ಲಾರಿಗೆ ಹೇರಿಸುತ್ತ ನಗುನಗುತ್ತ ನಿಂತಿದ್ದಾಗ ಹೋದೆ.

“ಏನಾಗಿತ್ತೋ ಕಡೀಕೆ?” ಅಂದರು.

ತೊಳೆದು ಒಣಗಿಸಿದ ತಗಡನ್ನು ಅವರ ಕೈಗಿಟ್ಟೆ. ಎಲ್ಲಿತ್ತು, ಹೇಗೆ ಅಮುಕುತ್ತಿತ್ತು, ಅಳತೆ ಹೇಗೆ ಜಾರುತ್ತಿತ್ತು ಎಲ್ಲ ಹೇಳಿದೆ. “ಅವನ ಕೈ ತಪ್ಪಲ್ರಿ. ಕಾಲು ನೋಡದs ಅಳತಿ ಬರೋಬ್ಬರಿ ಅಂದದ್ದು ನನ್ನ ತಪ್ಪು.”

“ಇದನ್ನ ಇಟ್ಟಾವರು ಯಾರು?”

“ಹನುಮಂತನ ಮನ್ಯಾಕಿ.”

ಅವರ ಹುಬ್ಬು ಗಂಟಾಯಿತು. ಹಂಗಾಮಿನಲ್ಲಿ ಮಷಿನ್ ನಿಂತ ದಿನಗಳು ಅವರ ಕಣ್ಣ ಮುಂದೆ ಹಾದು ಹೋದದ್ದು ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಅವರ ಹೆಬ್ಬೆರಳು ತಗಡಿನ ಮಡಿಕೆಯಲ್ಲಿ ಉಳಿದಿದ್ದ ಹಳದಿಗೆ ತಾಗಿತು. ಕೈ ತನ್ನಷ್ಟಕ್ಕೆ ಮೇಲೆ ಹೋಯಿತು. ತಗಡನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಸಿಟ್ಟು ಮಾಡುವುದು ಅವರಿಗೇ ಕಷ್ಟವಾಯಿತು.

“ಹುಚ್ಚಿ,” ಅಂದರು. “ಯಾಕ ಇಟ್ಟಾಳಂತ?”

“ಬರ್ರಿ, ತೋರಸ್ತೀನಿ.”

ಕರೆದುಕೊಂಡು ಹೋಗಿ ಹಗ್ಗ ಸುತ್ತಿದ ಜಾಯಿಂಟಿನ ಎದುರು ನಿಲ್ಲಿಸಿದೆ. ವಾಲ್ವು ತಿರುವಲು ಹನುಮಂತ ದಿನಾ ನಿಲ್ಲುವ ಜಾಗದಲ್ಲೇ. ಜಿನುಗುವ ಉಗಿ ಅವರ ಧೋತರದ ಅಂಚನ್ನು ಅಲುಗಿಸಿತು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಏನೂ ಹೇಳಲಿಲ್ಲ. ಹೇಳದೆ ನಿಲ್ಲುವುದೂ ಚೌಕಾಸಿಯೇ.

“ಇದಕ್ಕೇನು ಬೇಕೋ ಅದನ್ನ ತರಸು,” ಅಂದರು ಕೊನೆಗೆ. “ಹಗ್ಗ ಬ್ಯಾಡ.”

ಹೊಸ ಜಾಯಿಂಟು ಹಾಕಿಸಿದೆ. ಅದರ ಮುಂದೆ ದಪ್ಪ ತಗಡಿನ ಮರೆ ಕಟ್ಟಿಸಿದೆ, ವಾಲ್ವಿನ ಹಿಡಿಕೆಯನ್ನು ಉದ್ದ ಮಾಡಿಸಿ ಮರೆಯ ಈಚೆಗೆ ತಂದೆ. ತಾಮ್ರದ ತಗಡನ್ನು ಹನುಮಂತ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ.

ಆ ಮೇಲೆ ಎಷ್ಟೋ ದೊಡ್ಡ ಮಷಿನ್ನುಗಳ ಮೇಲೆ ಕೆಲಸ ಮಾಡಿದೆ. ನಾನು ಕೆಲಸ ಬಿಟ್ಟು ಚೀಲ ಕೆಳಗಿಡುವ ಹೊತ್ತಿಗೆ ಬೆಳಕಿನ ಕಿರಣ ಬಿಟ್ಟು ಅಳೆಯುವ ಪೆಟ್ಟಿಗೆಗಳ ಸುದ್ದಿ ಬಂದಿತ್ತು. ಒಳ್ಳೆಯದೇ, ಕಲಿಯಿರಿ, ಹಳೆಯದಕ್ಕೆ ಅಂಟಿಕೊಳ್ಳಬೇಡಿ. ಆದರೆ ಪೆಟ್ಟಿಗೆ ತೆರೆಯುವ ಮುಂಚೆ ಕಾಲಿನ ಕೆಳಗೆ ಬಿಳಿ ಅರಿವೆ ಆಡಿಸಿ. ಆ ಮಷಿನ್ನಿನ ಪಕ್ಕದಲ್ಲಿ ದಿನಾ ಯಾರು ನಿಲ್ಲುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಅವರ ಮೈ ಎಲ್ಲಿ ಹಿಂದೆ ಸರಿಯುತ್ತದೆ, ಅದನ್ನೂ ನೋಡಿ.

ರಾಯಚೂರಿನ ಆ ಕೆಲಸ ಮುಗಿದ ದಿನ ದ್ಯಾವಮ್ಮನನ್ನು ಕರೆಸಿ ನನ್ನ ಆಟ ತೋರಿಸಿದೆ. ಓಡುವ ಮಷಿನ್ನಿನ ಮೇಲೆ ಎಂಟಾಣೆ ಬಿಲ್ಲೆ ನೆಟ್ಟಗೆ ನಿಂತಿತ್ತು. “ನೋಡವ್ವಾ, ಅಲ್ಲಾಡವಲ್ದು” ಅಂದೆ. ಆಕೆ ಅದನ್ನು ನೋಡಲೇ ಇಲ್ಲ. ಬುತ್ತಿಯ ಗಂಟನ್ನು ಕೆಳಗಿಟ್ಟು, ಗಂಡ ನಿಲ್ಲುವ ಜಾಗಕ್ಕೆ ಹೋಗಿ ತಾನೇ ನಿಂತಳು. ಕೈ ಚಾಚಿ ತಗಡಿನ ಮರೆಯ ಉದ್ದಕ್ಕೂ, ಮೇಲೆ, ಕೆಳಗೆ, ಅಂಚಿನ ಸಂದಿನಲ್ಲಿ, ಅಂಗೈ ಹಿಡಿದು ಹಿಡಿದು ನೋಡಿದಳು. ಖಾಜಾ ಉಸ್ತಾದರು ಹಾಳೆಯ ಕೆಳಗಿನ ಕೂದಲು ಹುಡುಕಿಸುತ್ತಿದ್ದರಲ್ಲ, ಅಷ್ಟು ನಿಧಾನ.

“ಹೂಂ,” ಅಂದಳು. “ಈಗ ಉಗಿ ತಾಕವಲ್ದು.”

ಗಂಟು ಬಿಚ್ಚಿ ರೊಟ್ಟಿ ತೆಗೆದು ಮೊದಲು ನನ್ನ ಕೈಗೆ ಕೊಟ್ಟಳು.